ಫಲಕದ ಅಂಚೇ ಪ್ಲಗ್ ಆಗುವ ಬಗೆ: ಯು.ಎಸ್.ಬಿ. ಕುರಿತು ಒಂದು ಪಾಠ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಹಳೆಯ ನೆನಪುಗಳನ್ನು ಬರೆಯುವೆನೆಂದೇ ಅವರು ಭಾವಿಸಿದ್ದಿರಬೇಕು. ನೆನಪುಗಳನ್ನು ಬರೆಯಬಲ್ಲವರು ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕರಿಹಲಗೆಯ ಮುಂದೆ ಬಹುಕಾಲ ನಿಂತವನಿಗೆ ಪಾಠ ಹೇಳುವುದೇ ಹೆಚ್ಚು ಒಗ್ಗಿದ ಕೆಲಸವಾದುದರಿಂದ ಒಂದು ಪಾಠವನ್ನೇ ಬರೆದಿದ್ದೇನೆ. ಪಾಠದ ವಿಷಯ ನನಗೂ ಹೊಸದು. ಅದನ್ನು ನಾನು ಕಲಿತದ್ದು ನಿವೃತ್ತಿಯ ಬಳಿಕ, ನಮ್ಮ ಶಾಲೆಯ ಮಕ್ಕಳಿಂದಲೇ.

ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಎಂಬ ಮಕ್ಕಳ ಕಂಪ್ಯೂಟರ್ ಸಂಘವನ್ನು ತಾವು ಬಲ್ಲಿರಿ. ಸಂಘದ ಮಕ್ಕಳು ಮಣ್ಣಿನ ತೇವವನ್ನು ಅಳೆಯುವ ಪುಟ್ಟ ಉಪಕರಣವೊಂದನ್ನು ಮಾಡಹೊರಟಿದ್ದರು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಅದರ ಸರ್ಕ್ಯೂಟ್ ಬೋರ್ಡನ್ನು ಬರೆದುಕೊಟ್ಟು, ಹತ್ತು ಪ್ರತಿಗಳನ್ನು ಮಾಡಿಸಿ ಕಳುಹಿಸಿದರು. ಪೊಟ್ಟಣವನ್ನು ಬಿಡಿಸಿದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಫಲಕವನ್ನು ತಿರುಗಿಸಿ ನೋಡಿ, “ಮಾಷ್ಟ್ರೇ, ಇದಕ್ಕೆ ತಲೆಯೇ ಇಲ್ಲವಲ್ಲ, ಕಂಪ್ಯೂಟರಿಗೆ ಹಾಕುವುದು ಹೇಗೆ?” ಎಂದು ಕೇಳಿದಳು. ತಲೆಯೆಂದರೆ ಪೆನ್ ಡ್ರೈವಿನ ಮೂತಿಯಲ್ಲಿರುವ ಲೋಹದ ಪ್ಲಗ್. ಫಲಕದ ಒಂದು ತುದಿ ನಾಲಿಗೆಯಂತೆ ಮುಂದಕ್ಕೆ ಚಾಚಿತ್ತು. ಅದರ ಮೇಲೆ ಹಳದಿ ಬಣ್ಣದ ನಾಲ್ಕು ಗೆರೆಗಳಿದ್ದುವು, ಅಷ್ಟೇ. ಕವಚವಿಲ್ಲದ ವಸ್ತುವನ್ನು ಶಾಲೆಯ ಕಂಪ್ಯೂಟರಿಗೆ ತೂರಿಸಕೂಡದೆಂದು ನಾನು ಹೇಳಿಬಿಟ್ಟೆ. ಉತ್ತರ ತಿಳಿಯದಿದ್ದಾಗ ಮೇಷ್ಟ್ರುಗಳು ಅಪ್ಪಣೆ ಕೊಡುವುದುಂಟು. ಹುಡುಗಿ ಸುಮ್ಮನಾದಳು, ಆದರೆ ಅವಳ ಪ್ರಶ್ನೆ ಹಾಗೆಯೇ ಉಳಿಯಿತು. ಆ ಹಳೆ ವಿದ್ಯಾರ್ಥಿಗೆ ಫೋನು ಮಾಡಿ ವಿವರಿಸಲು ಕೇಳಿದರೆ, “ಇದನ್ನೆಲ್ಲ ಕನ್ನಡದಲ್ಲಿ ಹೇಳುವುದು ಕಷ್ಟ ಮಾಷ್ಟ್ರೇ” ಎಂದು ನಕ್ಕರು. ಅದೇ ಶಾಲೆಯಲ್ಲಿ ಕನ್ನಡದಲ್ಲಿಯೇ ಓಮನ ನಿಯಮವನ್ನು ಕಲಿತವರು ಹೀಗೆನ್ನಬಹುದೇ? ಅಂದೇ ಈ ಪಾಠವನ್ನು ಬರೆಯಬೇಕೆಂದುಕೊಂಡೆ.

ಮೊದಲು ಯು.ಎಸ್.ಬಿ.ಯ ವಿಚಾರ. ಕಂಪ್ಯೂಟರಿನ ಕೀಲಿಮಣೆಗೆ ಒಂದು ಬಗೆಯ ತಂತಿ, ಮುದ್ರಣಯಂತ್ರಕ್ಕೆ ಇನ್ನೊಂದು ಬಗೆ ಎಂಬ ಗೊಂದಲವನ್ನು ನೀಗಿಸಲು ಏಳು ಕಂಪನಿಗಳು ಸೇರಿ 1994ರಲ್ಲಿ ಆರಂಭಿಸಿದ ಪ್ರಯತ್ನದ ಫಲ ಅದು; ಮೊದಲ ನಿಯಮಾವಳಿ 1996ರ ಜನವರಿಯಲ್ಲಿ ಹೊರಬಂದಿತು. ಇದರಲ್ಲಿ ಮುಂದಾಳಾಗಿ ದುಡಿದ ಇಂಟೆಲ್ ಕಂಪನಿಯ ಅಜಯ್ ಭಟ್ ಅವರು ಗುಜರಾತಿನ ವಡೋದರದವರು, ಅಲ್ಲಿಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಇಲ್ಲಿ ನಾವು ನೋಡುವುದು ಎಲ್ಲರಿಗೂ ಪರಿಚಿತವಾದ ಚಪ್ಪಟೆ ಆಯತದ ‘ಎ’ ಮಾದರಿಯ ಪ್ಲಗ್ಗನ್ನು ಮಾತ್ರ.

ಪ್ಲಗ್ಗಿಲ್ಲದೆ ಬರಿಯ ಫಲಕವು ಅದರ ಕೆಲಸವನ್ನು ಮಾಡಬಲ್ಲುದು ಹೇಗೆ? ಇದಕ್ಕೆ ಉತ್ತರ ಪ್ಲಗ್ಗಿನಲ್ಲಿ ಇಲ್ಲ, ಕಂಪ್ಯೂಟರಿನ ಪೋರ್ಟಿನಲ್ಲಿದೆ. ಬೆಳಕು ಹಿಡಿದು ಪೋರ್ಟಿನೊಳಗೆ ಇಣುಕಿದರೆ, ಒಂದು ಪಕ್ಕಕ್ಕೆ ಸರಿದ ಪ್ಲಾಸ್ಟಿಕ್ ನಾಲಿಗೆಯೊಂದು ಕಾಣುತ್ತದೆ. ಆ ನಾಲಿಗೆಯ ಒಂದು ಮುಖದಲ್ಲಿ ನಾಲ್ಕು ಲೋಹದ ತಗಡುಗಳು ತುಸು ಬಾಗಿ ನಿಂತಿರುತ್ತವೆ. ಅವು ಸ್ಪ್ರಿಂಗುಗಳು. ಪ್ಲಗ್ಗಿನಲ್ಲಿರುವ ಸಂಪರ್ಕಗಳಾದರೋ ಅಲುಗದ ಚಪ್ಪಟೆ ಪಟ್ಟಿಗಳು. ಅಂದರೆ ಒತ್ತುವ ಕೆಲಸ ಪೋರ್ಟಿನದು, ಒತ್ತಿಸಿಕೊಳ್ಳುವ ಕೆಲಸ ಪ್ಲಗ್ಗಿನದು. ಚಪ್ಪಟೆಯಾದ ತಾಮ್ರದ ಪಟ್ಟಿಗಳನ್ನು ಬರೆಯುವುದೇ ಸರ್ಕ್ಯೂಟ್ ಬೋರ್ಡಿನ ಕಸುಬಲ್ಲವೇ? ಆದುದರಿಂದ ಫಲಕದ ಅಂಚನ್ನೇ ಪ್ಲಗ್ಗಿನ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ನಾಲ್ಕು ಪಟ್ಟಿಗಳನ್ನು ತಕ್ಕ ಸ್ಥಾನದಲ್ಲಿ ಬರೆದರೆ ಪೋರ್ಟಿನ ಸ್ಪ್ರಿಂಗುಗಳಿಗೆ ಅಷ್ಟು ಸಾಕು. ಇದೇನೂ ಹೊಸ ಉಪಾಯವಲ್ಲ. 1981ರ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನೊಳಗೆ ತೂರಿಸುತ್ತಿದ್ದ ಕಾರ್ಡುಗಳೂ, ಕಂಪ್ಯೂಟರಿನ ಮೆಮೊರಿ ಪಟ್ಟಿಗಳೂ ಹೀಗೆಯೇ ಅಂಚಿನಿಂದ ಸಂಪರ್ಕ ಪಡೆದಂಥವು. ಕಸುಬಿನವರು ಇಂಥ ಪಟ್ಟಿಗಳನ್ನು ‘ಗೋಲ್ಡ್ ಫಿಂಗರ್’ ಎನ್ನುತ್ತಾರೆ. ನಾನು ಇಲ್ಲಿ ಬೆರಳುಗಳೆಂದೇ ಕರೆಯುತ್ತೇನೆ. ಉಗುರಿನಷ್ಟೇ ಇರುವ ಕವಚರಹಿತ ಪೆನ್ ಡ್ರೈವುಗಳನ್ನು ತಾವು ಕಂಡಿರಬಹುದು. ಅವುಗಳ ತತ್ತ್ವವೂ ಇದೇ. 2012ರಲ್ಲಿ ಅಮೆರಿಕದಲ್ಲಿ ಜನರಿಂದಲೇ ಮುಂಗಡ ಹಣ ಪಡೆದು ತಯಾರಾದ ‘ಡಿಜಿಸ್ಪಾರ್ಕ್’ ಎಂಬ ಪುಟ್ಟ ಫಲಕದಿಂದಾಗಿ ಹವ್ಯಾಸಿಗಳಲ್ಲಿ ಈ ಕ್ರಮ ಬಹಳ ಪ್ರಚಾರಕ್ಕೆ ಬಂದಿತು.

ಇನ್ನು ಅಳತೆ. ನಮ್ಮ ಹತ್ತು ಫಲಕಗಳನ್ನು ಹಳೆಯ ಕಂಪ್ಯೂಟರೊಂದಕ್ಕೆ ತೂರಿಸಿದಾಗ ಒಂದೂ ನೆಟ್ಟಗೆ ಕೆಲಸ ಮಾಡಲಿಲ್ಲ. ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದರೆ ದೀಪ ಉರಿಯುವುದು, ಕೈಬಿಟ್ಟರೆ ಆರುವುದು. ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆಯಿರೆಂದು ಮಕ್ಕಳಿಗೆ ಹೇಳಿದೆ. ಸೈಕಲ್ಲಿನ ಬಾಲ್ ಬೇರಿಂಗಿನ ವ್ಯಾಸವನ್ನು ಅಳೆಯುವುದಕ್ಕಷ್ಟೇ ಅದನ್ನು ಉಪಯೋಗಿಸುತ್ತಿದ್ದ ಮಕ್ಕಳಿಗೆ ಮೊದಲ ಬಾರಿಗೆ ಅದರಿಂದ ನಿಜವಾದ ಪ್ರಯೋಜನವಾಯಿತು. ಫಲಕದ ದಪ್ಪ 1.6 ಮಿ.ಮೀ. ಇತ್ತು. ಸರ್ಕ್ಯೂಟ್ ಬೋರ್ಡುಗಳ ಸಾಮಾನ್ಯ ದಪ್ಪವೇ ಅದು. ಅಂಗುಲದ ಹದಿನಾರನೆಯ ಒಂದು ಭಾಗ. ಬೇರೆ ದಪ್ಪವನ್ನು ಕೇಳದಿದ್ದರೆ ತಯಾರಕರು ಅದನ್ನೇ ಕೊಡುತ್ತಾರೆ.

ಬೇಕಾದ ದಪ್ಪವನ್ನು ಲೆಕ್ಕದಿಂದ ಕಂಡುಹಿಡಿಯಬಹುದು. ಲೋಹದ ಪ್ಲಗ್ಗಿನ ಹೊರ ಎತ್ತರ 4.5 ಮಿ.ಮೀ.; ಅದರ ತಗಡಿನ ದಪ್ಪ 0.3 ಮಿ.ಮೀ. ಮೇಲಿನ ಮತ್ತು ಕೆಳಗಿನ ತಗಡನ್ನು ಕಳೆದರೆ ಒಳಗೆ 3.9 ಮಿ.ಮೀ. ಉಳಿಯುತ್ತದೆ. ಅದರಲ್ಲಿ ಅರ್ಧ, ಅಂದರೆ ಸುಮಾರು 1.95 ಮಿ.ಮೀ., ಪೋರ್ಟಿನ ನಾಲಿಗೆ ಹೊಗುವುದಕ್ಕೆ ಖಾಲಿ ಬಿಟ್ಟ ಜಾಗ. ಉಳಿದರ್ಧ ಪಟ್ಟಿಗಳನ್ನು ಹೊತ್ತ ಪ್ಲಾಸ್ಟಿಕ್. ಈ ಪ್ಲಾಸ್ಟಿಕ್ಕಿಗೆ ಅದರ ಕೆಳಗಿನ ತಗಡನ್ನೂ ಕೂಡಿಸಿದರೆ ಸುಮಾರು 2.25 ಮಿ.ಮೀ. ನಮ್ಮ ಫಲಕವು ತುಂಬಬೇಕಾದ ಜಾಗ ಇದುವೇ. ಆದುದರಿಂದ ರೂಢಿಯಲ್ಲಿ 2.0ರಿಂದ 2.4 ಮಿ.ಮೀ. ದಪ್ಪದ ಫಲಕವನ್ನು ಬಳಸುತ್ತಾರೆ. ನಮ್ಮ ಫಲಕದಲ್ಲಿ ಅರ್ಧ ಮಿಲಿಮೀಟರಿಗೂ ಮಿಕ್ಕಿ ಕೊರತೆಯಿತ್ತು. ಸ್ಪ್ರಿಂಗು ಎಷ್ಟೆಂದು ಬಾಗೀತು? ಸಾಲದುದಕ್ಕೆ ತಯಾರಕರು ದಪ್ಪದಲ್ಲಿ ಶೇಕಡಾ 10ರ ಹೆಚ್ಚುಕಡಿಮೆಯನ್ನು ಸಾಮಾನ್ಯವಾಗಿ ಒಪ್ಪಿತವೆಂದೇ ಎಣಿಸುತ್ತಾರೆ.

ಫೋನಿನಲ್ಲಿ ಇದನ್ನು ತಿಳಿಸಿದಾಗ ನಮ್ಮ ಹಳೆ ವಿದ್ಯಾರ್ಥಿ, “ನನ್ನದೇ ತಪ್ಪು ಮಾಷ್ಟ್ರೇ, ದಪ್ಪ ಬರೆಯಲು ಮರೆತೆ. ಅವಧಿ ಮುಗಿದ ಎ.ಟಿ.ಎಂ. ಕಾರ್ಡು ಉಂಟಾ?” ಎಂದರು. ಆ ಕಾರ್ಡುಗಳ ದಪ್ಪ ಜಗತ್ತಿನಲ್ಲೆಲ್ಲ ಒಂದೇ, 0.76 ಮಿ.ಮೀ. ಅದರಿಂದ ಚಿಪ್ಪೂ ಕಾಂತಪಟ್ಟಿಯೂ ಇಲ್ಲದ ಭಾಗವನ್ನು ಕತ್ತರಿಸಿ ಫಲಕದ ಬೆನ್ನಿಗೆ ಅಂಟಿಸಿದೆವು. 1.6 ಮತ್ತು 0.76 ಕೂಡಿದರೆ 2.36. ತುಸು ಬಿಗಿಯಾಯಿತಾದರೂ ದೀಪ ಆರಲಿಲ್ಲ. ಅಂಟನ್ನು ಮಾತ್ರ ತೆಳುವಾಗಿ ಬಳಿಯಬೇಕು. ಬೆರಳುಗಳ ಮೇಲೆ ಅದು ಹರಿದರೆ ಕೆಲಸ ಕೆಟ್ಟಿತು.

ಅಗಲದ ಲೆಕ್ಕ ಇಷ್ಟೊಂದು ಸೂಕ್ಷ್ಮವಲ್ಲ. ಪೋರ್ಟಿನ ಬಾಯಿ 12.5 ಮಿ.ಮೀ., ಪ್ಲಗ್ 12 ಮಿ.ಮೀ. ಫಲಕದ ನಾಲಿಗೆಯನ್ನೂ 12 ಮಿ.ಮೀ. ಅಗಲಕ್ಕೆ, ಕನಿಷ್ಠ ಅಷ್ಟೇ ಉದ್ದಕ್ಕೆ ಬಿಡಬೇಕು. ಆ ಜಾಗದಲ್ಲಿ ಬೇರಾವ ಬಿಡಿಭಾಗವನ್ನೂ ಕೂರಿಸಬಾರದು. ನಡುಗೆರೆಯಿಂದ ಎರಡೂ ಕಡೆಗೆ 1 ಮಿ.ಮೀ. ದೂರದಲ್ಲಿ ಒಳಗಿನ ಬೆರಳುಗಳ ಮಧ್ಯ, 3.5 ಮಿ.ಮೀ. ದೂರದಲ್ಲಿ ಹೊರಗಿನ ಬೆರಳುಗಳ ಮಧ್ಯ ಬರಬೇಕು. ಪ್ಲಗ್ಗಿನಲ್ಲಿ ಪಟ್ಟಿಯ ಅಗಲ 1 ಮಿ.ಮೀ.; ಫಲಕವು ಅಕ್ಕಪಕ್ಕಕ್ಕೆ ತುಸು ಸರಿಯುವುದರಿಂದ ಒಂದೂವರೆ ಮಿ.ಮೀ. ಮಾಡಿದರೆ ಲೇಸು.

ಈಗ ಪಾಠದ ಮುಖ್ಯ ಭಾಗ. ಯಾವುದಾದರೂ ಪೆನ್ ಡ್ರೈವನ್ನು ಕೈಯಲ್ಲಿ ಹಿಡಿದು ಅದರ ನಾಲ್ಕು ಪಟ್ಟಿಗಳನ್ನು ಗಮನಿಸಿರಿ. ಹೊರಗಿನ ಎರಡು ಉದ್ದ, ಒಳಗಿನ ಎರಡು ಗಿಡ್ಡ. ವ್ಯತ್ಯಾಸ ಸುಮಾರು ಒಂದು ಮಿಲಿಮೀಟರ್. ಇಷ್ಟು ವರ್ಷ ಇದನ್ನು ನೋಡಿಯೂ ನಾನು ಕಂಡಿರಲಿಲ್ಲ. ಹೊರಗಿನ ಬೆರಳುಗಳಲ್ಲಿ ಒಂದು 5 ವೋಲ್ಟ್ ವಿದ್ಯುತ್ತಿನದು, ಮತ್ತೊಂದು ‘ಗ್ರೌಂಡ್’, ಅಂದರೆ ನೆಲ. ಒಳಗಿನ ಎರಡು, ಡಿ ಪ್ಲಸ್ ಮತ್ತು ಡಿ ಮೈನಸ್, ಮಾಹಿತಿಯನ್ನು ಸಾಗಿಸತಕ್ಕವು. ತೂರಿಸುವಾಗ ಉದ್ದದ ಬೆರಳುಗಳು ಮೊದಲು ಸ್ಪ್ರಿಂಗನ್ನು ಮುಟ್ಟುತ್ತವೆ, ಕೀಳುವಾಗ ಕೊನೆಗೆ ಬಿಡುತ್ತವೆ.

ಹೀಗೇಕೆ? ವೋಲ್ಟೇಜು ಎಂಬುದು ಎರಡು ಬಿಂದುಗಳ ನಡುವಣ ವ್ಯತ್ಯಾಸವೆಂದು ಹತ್ತನೆಯ ತರಗತಿಯಲ್ಲಿ ಓದಿದ್ದೇವೆ. ತೆಂಗಿನ ಮರ ಎಷ್ಟೆತ್ತರವೆಂದು ಹೇಳಬೇಕಾದರೆ ಯಾವ ನೆಲದಿಂದ ಎಂಬುದು ಗೊತ್ತಿರಬೇಕು. ಗ್ರೌಂಡ್ ಮುಟ್ಟುವ ಮುನ್ನವೇ ಮಾಹಿತಿಯ ತಂತಿ ಮುಟ್ಟಿದರೆ ಕಂಪ್ಯೂಟರಿನ ನೆಲ ಬೇರೆ, ಉಪಕರಣದ ನೆಲ ಬೇರೆ, 3.3 ವೋಲ್ಟಿನ ಸಂಕೇತಕ್ಕೆ ಅರ್ಥವೇ ಇರುವುದಿಲ್ಲ. ಅದಕ್ಕಿಂತ ಕೆಟ್ಟದು ಇನ್ನೊಂದಿದೆ. ತನ್ನ ವಿದ್ಯುತ್ತು ಬಾರದಿರುವ ಚಿಪ್ಪಿನ ಮಾಹಿತಿಯ ಕಾಲಿಗೆ ವೋಲ್ಟೇಜು ಬಿದ್ದರೆ, ಅದು ಒಳಗಿನ ರಕ್ಷಣೆಯ ಡಯೋಡುಗಳ ಮೂಲಕ ಅಡ್ಡದಾರಿಯಿಂದ ನುಗ್ಗುತ್ತದೆ. ಚಿಪ್ಪು ಅರೆನಿದ್ದೆಯಲ್ಲಿ ಎದ್ದಂತಾಗಿ ತಪ್ಪು ಹೆಜ್ಜೆ ಇಡುತ್ತದೆ, ಕೆಲವೊಮ್ಮೆ ಸುಟ್ಟೂಹೋಗುತ್ತದೆ. ಕಂಪ್ಯೂಟರನ್ನು ಆರಿಸದೆಯೇ ಪೆನ್ ಡ್ರೈವನ್ನು ಹಾಕಿ ತೆಗೆಯುವ ಸೌಕರ್ಯಕ್ಕೆ ಈ ಒಂದು ಮಿಲಿಮೀಟರ್ ಬಹುಮಟ್ಟಿಗೆ ಆಧಾರ. ಫಲಕದಲ್ಲಿ ಬೆರಳುಗಳನ್ನು ಬರೆಯುವಾಗ ಅಂದಕ್ಕಾಗಿ ನಾಲ್ಕನ್ನೂ ಸಮನಾಗಿ ಬರೆಯುವವರಿದ್ದಾರೆ. ಹಾಗೆ ಮಾಡಬಾರದು. ಹಿಂಬದಿಯ ತುದಿಗಳನ್ನು ಒಂದೇ ಸಾಲಿನಲ್ಲಿಟ್ಟು ಹೊರಗಿನವನ್ನು ಸುಮಾರು 7.5, ಒಳಗಿನವನ್ನು 6.5 ಮಿ.ಮೀ. ಉದ್ದಕ್ಕೆ ಬರೆದರೆ ಸರಿಹೋಗುತ್ತದೆ.

ಉದ್ದ ಸರಿಯಾದರೂ ಎಡಬಲ ತಪ್ಪಬಹುದು. ನಮ್ಮಲ್ಲಿ ಆದದ್ದೂ ಅದೇ. ಮೊದಲ ಫಲಕಗಳು ನಡೆದುವೆಂಬ ಹುರುಪಿನಲ್ಲಿ ಮಕ್ಕಳು ರಜೆಯಲ್ಲಿ ತಾವೇ ಇನ್ನೊಂದನ್ನು ಬರೆದರು. ಪೋರ್ಟಿನ ಎದುರಿನಿಂದ ನೋಡಿದ ಚಿತ್ರವನ್ನು ನೋಡಿ ಬೆರಳುಗಳಿಗೆ ಹೆಸರಿಟ್ಟರು. ಡ್ರಿಲ್ಲಿನಲ್ಲಿ ಎದುರುಬದುರು ನಿಂತವರಲ್ಲಿ ಒಬ್ಬನ ಬಲಗೈ ಇನ್ನೊಬ್ಬನ ಎಡಕ್ಕಿರುತ್ತದೆಂಬುದು ನೆನಪಾಗಲಿಲ್ಲ. ಫಲಕವು ಕನ್ನಡಿಯ ಬಿಂಬವಾಗಿ ಬಂದಿತು. 5 ವೋಲ್ಟಿನ ಜಾಗದಲ್ಲಿ ಗ್ರೌಂಡ್, ಗ್ರೌಂಡಿನ ಜಾಗದಲ್ಲಿ 5 ವೋಲ್ಟ್. ತೂರಿಸಿದೊಡನೆ ಎಂಟು ಕಾಲಿನ ಆ ಪುಟ್ಟ ಚಿಪ್ಪು ಮುಟ್ಟಲಾಗದಷ್ಟು ಬಿಸಿಯಾಗಿ ವಾಸನೆ ಬಂದಿತು. ಕಂಪ್ಯೂಟರು ಆ ಪೋರ್ಟಿನ ವಿದ್ಯುತ್ತನ್ನು ತಾನಾಗಿ ಕಡಿದುಕೊಂಡದ್ದರಿಂದ ಉಳಿಯಿತು. ಅಂದು ಪ್ರಯೋಗಾಲಯದಲ್ಲಿ ಇದ್ದವನು ನಾನು. ಪರೀಕ್ಷಿಸದೆ ಹಾಕಲು ಒಪ್ಪಿಗೆ ಕೊಟ್ಟವನೂ ನಾನೇ. ಮೊದಲು ಕಾರಣವಿಲ್ಲದೆ ಬೇಡವೆಂದೆ, ಆಮೇಲೆ ಕಾರಣವಿಲ್ಲದೆ ಆಗಲಿ ಎಂದೆ.

ಈ ತಪ್ಪನ್ನು ತಡೆಯಲು ಚಿತ್ರವನ್ನು ನಂಬದೆ ವಸ್ತುವನ್ನು ನಂಬುವುದು ಲೇಸು. ಹಾಳಾದ ಯು.ಎಸ್.ಬಿ. ಕೇಬಲ್ಲೊಂದನ್ನು ನಡುವೆ ಕತ್ತರಿಸಿರಿ. ನಿಯಮದಂತೆ ಮಾಡಿದ ಕೇಬಲ್ಲಾದರೆ ಒಳಗೆ ಕೆಂಪು, ಬಿಳಿ, ಹಸಿರು, ಕಪ್ಪು ತಂತಿಗಳಿರುತ್ತವೆ. ಕೆಂಪು 5 ವೋಲ್ಟ್, ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್, ಕಪ್ಪು ಗ್ರೌಂಡ್. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ತಂತಿಗೂ ಇನ್ನೊಂದನ್ನು ಪ್ಲಗ್ಗಿನೊಳಗಿನ ಪಟ್ಟಿಗೂ ಮುಟ್ಟಿಸಿ ಯಾವುದು ಯಾವುದೆಂದು ಗುರುತು ಹಾಕಿಕೊಳ್ಳಿರಿ. ಬಳಿಕ ಪ್ಲಗ್ಗನ್ನೂ ಫಲಕವನ್ನೂ ಪಟ್ಟಿಗಳು ಮೇಲ್ಮುಖವಾಗಿರುವಂತೆ, ತುದಿಗಳು ಒಂದೇ ದಿಕ್ಕಿಗಿರುವಂತೆ ಪಕ್ಕಪಕ್ಕದಲ್ಲಿಟ್ಟು ಹೋಲಿಸಿರಿ. ಫಲಕವನ್ನು ತಯಾರಿಕೆಗೆ ಕಳುಹಿಸುವ ಮುನ್ನ ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಮುದ್ರಿಸಿ ಹೀಗೆ ಹೋಲಿಸಿದ್ದರೆ ನಮ್ಮ ಚಿಪ್ಪು ಉಳಿಯುತ್ತಿತ್ತು.

ಬೆರಳುಗಳ ಮೇಲಿನ ಹಳದಿ ಬಣ್ಣ ನಿಜವಾದ ಚಿನ್ನವೇ. ಮಕ್ಕಳಿಗೆ ಇದನ್ನು ಹೇಳಿದಾಗ ಎಷ್ಟು ಪವನೆಂದು ಕೇಳಿದರು! ತಾಮ್ರವನ್ನು ಬರಿದೇ ಬಿಟ್ಟರೆ ಕಾಸರಗೋಡಿನ ಕರಾವಳಿಯ ಉಪ್ಪುಗಾಳಿಗೆ ಕಿಲುಬು ಹಿಡಿಯುತ್ತದೆ. ಸೀಸ-ತವರದ ಲೇಪ ಮೆದುವಾಗಿ ಸವೆಯುತ್ತದೆ. ಆದುದರಿಂದ ತಾಮ್ರದ ಮೇಲೆ ಕೆಲವು ಮೈಕ್ರಾನ್ ನಿಕ್ಕಲ್, ಅದರ ಮೇಲೆ ಚಿನ್ನ. ನಿಕ್ಕಲ್ ಇಲ್ಲದಿದ್ದರೆ ತಾಮ್ರದ ಕಣಗಳು ಕಾಲಾಂತರದಲ್ಲಿ ಚಿನ್ನದೊಳಕ್ಕೆ ಸೇರಿಕೊಳ್ಳುತ್ತವೆ. ಚಿನ್ನದಲ್ಲಿಯೂ ಎರಡು ವಿಧ. ಸಾಮಾನ್ಯವಾಗಿ ಇಡೀ ಫಲಕಕ್ಕೆ ರಾಸಾಯನಿಕ ದ್ರಾವಣದಿಂದ ಕೊಡುವ ಲೇಪ 0.05ರಿಂದ 0.1 ಮೈಕ್ರಾನ್ ಮಾತ್ರ. ಹತ್ತಾರು ಬಾರಿ ಹಾಕಿ ತೆಗೆಯುವುದಕ್ಕೆ ಅದು ಸಾಲುತ್ತದೆ. ನಿತ್ಯ ಬಳಕೆಗೆ ಸ್ವಲ್ಪ ಕೋಬಾಲ್ಟ್ ಬೆರೆಸಿ ವಿದ್ಯುಲ್ಲೇಪನದಿಂದ ಕೊಡುವ ಗಟ್ಟಿ ಚಿನ್ನ ಬೇಕು, ಅದು 0.75 ಮೈಕ್ರಾನ್ ಅಥವಾ ಹೆಚ್ಚು. ದುಬಾರಿಯಾದುದರಿಂದ ಬೆರಳುಗಳಿಗೆ ಮಾತ್ರ ಕೊಡುತ್ತಾರೆ. ಸರ್ವೇಸಾಮಾನ್ಯ ಲೋಹದ ಪ್ಲಗ್ಗು 1,500 ಬಾರಿ ಹಾಕಿ ತೆಗೆಯುವುದನ್ನು ತಾಳಬೇಕೆಂದು ನಿಯಮವಿದೆ. ತೆಳು ಚಿನ್ನದ ಫಲಕದಿಂದ ಅದನ್ನು ನಿರೀಕ್ಷಿಸಲಾಗದು. ಬೆರಳುಗಳು ಕೊಳೆಯಾದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ಅನೇಕರಿಗಿದೆ. ತೆಳುವಾದ ಲೇಪ ಅದರಿಂದಲೇ ಕಿತ್ತುಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿದರೆ ಸಾಕು.

ಫಲಕದ ಬೆನ್ನಿನ ವಿಚಾರವನ್ನು ಬಹಳ ಮಂದಿ ಮರೆಯುತ್ತಾರೆ. ಪೋರ್ಟಿನ ಲೋಹದ ಕವಚದಿಂದ ಒಳಕ್ಕೆ ಚಾಚಿದ ತಗಡಿನ ಎಸಳುಗಳು ಫಲಕದ ಬೆನ್ನನ್ನು ಒತ್ತಿ ಉಜ್ಜುತ್ತವೆ. ಆ ಕವಚ ಗ್ರೌಂಡಿಗೆ ಸೇರಿದ್ದು. ಬೆನ್ನಿನಲ್ಲಿ 5 ವೋಲ್ಟಿನ ತಾಮ್ರದ ಗೆರೆಯೋ ರಂಧ್ರವೋ ಇದ್ದು ಹಸಿರು ಲೇಪ ಸವೆದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಕವಚವಿಲ್ಲದ ಫಲಕವನ್ನು ಅವಸರದಲ್ಲಿ ತಲೆಕೆಳಗಾಗಿ ತೂರಿಸುವುದೂ ಉಂಟು. ಆಗ ಬೆರಳುಗಳು ಕವಚದ ಕಡೆಗೂ ಬೆನ್ನು ಸ್ಪ್ರಿಂಗುಗಳ ಕಡೆಗೂ ಬರುತ್ತವೆ. ಬೆನ್ನಿನಲ್ಲಿ ತಾಮ್ರವೇ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಇದ್ದರೆ ಕಂಪ್ಯೂಟರಿನ 5 ವೋಲ್ಟೂ ಗ್ರೌಂಡೂ ಒಂದಕ್ಕೊಂದು ಸೇರಬಹುದು. ಆದುದರಿಂದ ನಾಲಿಗೆಯ ಬೆನ್ನನ್ನು ತಾಮ್ರವಿಲ್ಲದೆ ಖಾಲಿ ಬಿಡತಕ್ಕದ್ದು. ಮುಂದಿನ ಅಂಚನ್ನು 30 ಅಥವಾ 45 ಡಿಗ್ರಿಗೆ ಇಳಿಜಾರಾಗಿ ತಟ್ಟಿಸಿದರೆ ಸ್ಪ್ರಿಂಗುಗಳಿಗೆ ಅಂಚು ಸಿಕ್ಕಿಕೊಳ್ಳುವುದಿಲ್ಲ. ತಯಾರಕರು ಅದಕ್ಕೆ ಹೆಚ್ಚಿನ ಹಣ ಕೇಳಿದರೆ ಉಪ್ಪುಕಾಗದದಿಂದ ಮನೆಯಲ್ಲಿಯೇ ಉಜ್ಜಬಹುದು. ಗಾಜಿನ ನಾರಿನ ಧೂಳು ಶ್ವಾಸಕ್ಕೆ ಕೆಡುಕು. ಕಾಗದವನ್ನು ಒದ್ದೆ ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಬೆರಳುಗಳಿಂದ ಮುಂದೆ ಚಿಪ್ಪಿನವರೆಗಿನ ದಾರಿಯನ್ನು ಚುಟುಕಾಗಿ ಹೇಳುತ್ತೇನೆ. ಹೊಸ ಉಪಕರಣ ಬಂದಿತೆಂದು ಕಂಪ್ಯೂಟರಿಗೆ ತಿಳಿಯುವುದು ಒಂದು ರೋಧಕದಿಂದ. 1,500 ಓಮಿನ ರೋಧಕವು ಒಂದು ಮಾಹಿತಿ ತಂತಿಯನ್ನು 3.3 ವೋಲ್ಟಿನ ಕಡೆಗೆ ಎತ್ತಿ ಹಿಡಿಯುತ್ತದೆ. ಹಾಜರಿ ಕರೆದಾಗ ಮಕ್ಕಳು ಕೈಯೆತ್ತುವ ಹಾಗೆ. ಡಿ ಮೈನಸ್ ಎತ್ತಿದರೆ ಸೆಕೆಂಡಿಗೆ 15 ಲಕ್ಷ ಬಿಟ್‌ಗಳ ನಿಧಾನದ ಉಪಕರಣ, ಡಿ ಪ್ಲಸ್ ಎತ್ತಿದರೆ 120 ಲಕ್ಷ ಬಿಟ್‌ಗಳದು. ನಮ್ಮದು ನಿಧಾನದ್ದು. ಈ ವೇಗದಲ್ಲಿ ಎರಡು ತಂತಿಗಳನ್ನು ಅಕ್ಕಪಕ್ಕದಲ್ಲಿ ಸರಿಸುಮಾರು ಸಮ ಉದ್ದಕ್ಕೆ ಎಳೆದರೆ ಸಾಕು. ಸೆಕೆಂಡಿಗೆ 48 ಕೋಟಿ ಬಿಟ್‌ಗಳ ವೇಗಕ್ಕಾದರೆ ಜೋಡಿಯ ಪ್ರತಿಬಾಧೆಯನ್ನು 90 ಓಮಿಗೆ ಹೊಂದಿಸಬೇಕಾಗುತ್ತದೆ. ಕಂಪ್ಯೂಟರಿನ ಅನುಮತಿ ದೊರೆಯುವ ತನಕ 100 ಮಿಲಿ ಆಂಪಿಯರಿಗಿಂತ ಹೆಚ್ಚು ಎಳೆಯಬಾರದು, ದೊರೆತ ಮೇಲೂ 500ನ್ನು ಮೀರಬಾರದು. ವಿದ್ಯುತ್ತಿನ ದಾರಿಯಲ್ಲಿಡುವ ಧಾರಕ 10 ಮೈಕ್ರೋಫ್ಯಾರಡ್ ದಾಟಬಾರದು. ದಾಟಿದರೆ ತೂರಿಸಿದ ಕ್ಷಣದಲ್ಲಿ ಅದು ಒಮ್ಮೆಲೇ ಗುಟುಕರಿಸುವ ವಿದ್ಯುತ್ತಿನಿಂದ ಪೋರ್ಟಿನ ವೋಲ್ಟೇಜು ಕುಸಿಯುತ್ತದೆ.

ಲೋಹದ ಕವಚವನ್ನು ಕೈಬಿಟ್ಟುದರಿಂದ ಕಳೆದುಕೊಳ್ಳುವುದೂ ಇದೆ. ಕವಚವಿದ್ದರೆ ಮೈಯಲ್ಲಿನ ಸ್ಥಿರವಿದ್ಯುತ್ತು ಮೊದಲು ಕವಚದ ಮೂಲಕ ಗ್ರೌಂಡಿಗೆ ಇಳಿಯುತ್ತದೆ. ಬರಿಯ ಫಲಕದಲ್ಲಿ ನಮ್ಮ ಕೈಬೆರಳು ನೇರವಾಗಿ ಮಾಹಿತಿಯ ಬೆರಳನ್ನು ಮುಟ್ಟಬಹುದು. ಅದಕ್ಕಾಗಿ ಅಂಚಿನ ಹತ್ತಿರವೇ ರಕ್ಷಣೆಯ ಡಯೋಡನ್ನು ಕೂರಿಸುವುದು ಒಳ್ಳೆಯದು. ಹಿಡಿತವೂ ಕಡಿಮೆ. ಫಲಕ ಉದ್ದವಾದಷ್ಟೂ ಅದು ಸನ್ನೆಯಂತೆ ವರ್ತಿಸಿ ಪೋರ್ಟಿನ ಬಾಯಿಯನ್ನು ಮೀಟುತ್ತದೆ. ಈ ಕಾರಣದಿಂದ ಶಾಲೆಯ ಕಂಪ್ಯೂಟರಿಗೆ ನೇರವಾಗಿ ಹಾಕದೆ, ನಡುವೆ ಒಂದು ಎಕ್ಸ್‌ಟೆನ್ಶನ್ ಕೇಬಲ್ ಇಟ್ಟುಕೊಂಡು ಅದಕ್ಕೆ ಹಾಕುವಂತೆ ಮಕ್ಕಳಿಗೆ ಹೇಳಿದ್ದೇನೆ. ಸವೆಯುವುದಾದರೆ ಕೇಬಲ್ ಸವೆಯಲಿ.

ಹೊಸ ಫೋನುಗಳಲ್ಲಿರುವ ‘ಸಿ’ ಮಾದರಿಗೆ ಈ ಉಪಾಯ ನಡೆಯದು. ಅಲ್ಲಿ ವ್ಯವಸ್ಥೆ ತಿರುಗುಮುರುಗು: ನಾಲಿಗೆ ಪೋರ್ಟಿನ ನಟ್ಟನಡುವೆ, ಅದರ ಎರಡೂ ಮುಖಗಳಲ್ಲಿ ಹನ್ನೆರಡು ಹನ್ನೆರಡರಂತೆ ಚಪ್ಪಟೆ ಪಟ್ಟಿಗಳು, ಸ್ಪ್ರಿಂಗುಗಳು ಪ್ಲಗ್ಗಿನಲ್ಲಿ. ಹಾಗಾಗಿ ಫಲಕದ ಅಂಚು ಅಲ್ಲಿ ಪ್ಲಗ್ ಆಗಲಾರದು.

ಪ್ರಶ್ನೆ ಕೇಳಿದ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಕೇಬಲ್ ಕತ್ತರಿಸಿ ಎಡಬಲವನ್ನು ಗುರುತು ಹಾಕಿದವಳು ಅವಳೇ. ಹೊಸ ಫಲಕವನ್ನು 2.2 ಮಿ.ಮೀ. ದಪ್ಪಕ್ಕೆ ಬರೆದು ಕಳುಹಿಸಲಾಗಿದೆ. ಬಂದ ದಿನ ಹತ್ತನ್ನೂ ವರ್ನಿಯರಿನಿಂದ ಅಳೆದು, ಅಳತೆಯನ್ನು ಪ್ರಯೋಗಾಲಯದ ಪುಸ್ತಕದಲ್ಲಿ ಬರೆದಿಡಬೇಕೆಂದೂ, ಅದಾಗುವ ತನಕ ಯಾವುದನ್ನೂ ತೂರಿಸಬಾರದೆಂದೂ ಹೇಳಿಬಂದಿದ್ದೇನೆ. ಈ ಬಾರಿ ಏಕೆಂದು ಯಾರೂ ಕೇಳಲಿಲ್ಲ.